ಯುವಕರ ಪಾಠ: ಗಾಡಿ ಎಂಜಿನ್ನಿನ ಕ್ಯಾಮ್ ಚೈನ್ ಮನೆಯಲ್ಲೇ ಬದಲಿಸುವುದು

ಪಾಠದ ಉದ್ದೇಶ: ಮೋಟಾರ್ ಸೈಕಲ್ ಎಂಜಿನ್ನಿನ ಒಳಗಿರುವ ಕ್ಯಾಮ್ ಚೈನ್ ಎಂದರೇನು, ಅದು ಯಾಕೆ ಸವೆಯುತ್ತದೆ, ಸವೆದದ್ದನ್ನು ಗುರುತಿಸುವುದು ಹೇಗೆ, ಮನೆಯಲ್ಲೇ ಬದಲಿಸುವಾಗ ಯಾವ ಎಚ್ಚರಿಕೆ ಬೇಕು ಎಂಬುದನ್ನು ತಿಳಿಯುವುದು.



ಧಾರವಾಡ ತಾಲ್ಲೂಕಿನ ಅಮ್ಮಿನಭಾವಿ ಕಡೆಯ ಒಂದು ಹಳ್ಳಿ. ಅಲ್ಲಿನ ಸ್ವ-ಸಹಾಯ ಸಂಘದ ಸದಸ್ಯೆಯೊಬ್ಬರ ಮಗ ದಿನಾ ಬೆಳಿಗ್ಗೆ ಐದಕ್ಕೆ ಎದ್ದು, ಹಳೆಯ ಸ್ಪ್ಲೆಂಡರ್ ಗಾಡಿಗೆ ಎರಡು ಹಾಲಿನ ಕ್ಯಾನು ಕಟ್ಟಿ, ಸವದತ್ತಿ ರಸ್ತೆ ಹಿಡಿದು ಧಾರವಾಡಕ್ಕೆ ಬರುತ್ತಾನೆ. ಮನೆಯ ಸಂತಿ-ಪ್ಯಾಟಿ, ತಂಗಿಯ ಕಾಲೇಜು, ಸಂಘದ ಕಂತು ಎಲ್ಲವೂ ಆ ಗಾಡಿಯ ಮೇಲೆಯೇ ನಡೆಯುತ್ತವೆ.

ಒಂದು ದಿನ ಎಂಜಿನ್ನಿನ ಎಡಗಡೆಯಿಂದ ಗರಗರ ಸಪ್ಪಳ ಶುರುವಾಯಿತು. ಗ್ಯಾರೇಜಿನಲ್ಲಿ ತೋರಿಸಿದಾಗ, "ಎಂಜಿನ್ ಪೂರ್ತಿ ಬಿಚ್ಚಬೇಕು, ಬೋರ್ ಮಾಡಬೇಕು, ಕೆಲವು ಸಾವಿರ ರೂಪಾಯಿ ಆಗತೈತಿ" ಎಂದರು. ಮನೆಯಲ್ಲಿ ಇದ್ದ ದುಡ್ಡು ತಂಗಿಯ ಫೀಸಿಗೆಂದು ತೆಗೆದಿಟ್ಟದ್ದು. ಅವ್ವ ವಾರದ ಸಭೆಯಲ್ಲಿ ಸಾಲದ ಅರ್ಜಿ ಕೊಟ್ಟಳು. ಆಗ ಒಬ್ಬ ಸದಸ್ಯೆ ಕೇಳಿದ ಪ್ರಶ್ನೆ ಇಷ್ಟೇ: "ಸಾಲ ಕೊಡೂಣಂತ. ಆದರ ಗಾಡಿಗೆ ಖರೇನ ಏನಾಗೇತಿ ಅಂತ ಯಾರರ ನೋಡ್ಯಾರೇನ್ರಿ?"

ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದ ಹಿರಿಯ ಫಿಟ್ಟರ್ ಒಬ್ಬರು ಅದೇ ಓಣಿಯಲ್ಲಿದ್ದರು. ಅವರು ಬಂದು ಮೊದಲು ಮಾಡಿದ ಕೆಲಸ, ಎಣ್ಣೆ ನೋಡುವ ಕಡ್ಡಿ ತೆಗೆದು ಅರಿವೆಯಿಂದ ಒರೆಸಿ ಮತ್ತೆ ಅದ್ದಿದ್ದು. ಕಡ್ಡಿಯ ತುದಿಗೂ ಎಣ್ಣೆ ಹತ್ತಲಿಲ್ಲ.

"ತಮ್ಮಾ, ಎಣ್ಣಿ ಯಾವಾಗ ಬದಲಿ ಮಾಡೀದಿ?"

"ಎರಡು ವರ್ಷ ಆಗಿರಬೇಕು ಕಾಕಾ."

"ದಿನಾ ಪೆಟ್ರೋಲ್ ಹಾಕೂದು ಮರೀಲಿಲ್ಲ, ಇದನ್ನ ಮರತಿ. ದಿನಕ್ಕ 24 ಕಿಲೋಮೀಟರ್ ಅಂದರೂ ವರ್ಷಕ್ಕ ಎಂಟು ಸಾವಿರದ ಮ್ಯಾಲ ಆತು. ಒಳಗಿನ ಚೈನ್ ಒಣಗಿ ಸವದೈತಿ. ಬೋರ್ ಆಮೇಲೆ ನೋಡೂಣು. ಮೊದಲ ಚೈನ್ ನೋಡೂಣು."

ಆ ಹುಡುಗ ಕಾಕಾನ ಎದುರಿಗೆ ಕೂತು ತನ್ನ ಕೈಯಾರೆ ಮಾಡಿದ ಕೆಲಸವೇ ಇಂದಿನ ನಮ್ಮ ಪಾಠ.

1. ಕ್ಯಾಮ್ ಚೈನ್ ಎಂದರೇನು?

ಗಾಡಿಗೆ ಎರಡು ಚೈನು ಇರುತ್ತವೆ. ಹಿಂದಿನ ಗಾಲಿ ತಿರುಗಿಸುವ ಚೈನು ನಮಗೆಲ್ಲ ಗೊತ್ತು. ಇನ್ನೊಂದು ಎಂಜಿನ್ನಿನ ಒಳಗೇ ಇರುವ ಸಣ್ಣ ಚೈನು. ಮೆಕ್ಯಾನಿಕರು ಇದನ್ನು ಟೈಮಿಂಗ್ ಚೈನ್ ಎಂದೂ ಕರೆಯುತ್ತಾರೆ.

ಫೋರ್ ಸ್ಟ್ರೋಕ್ ಎಂಜಿನ್ನಿನ ಹೆಡ್ಡಿನಲ್ಲಿ ಎರಡು ಬಾಗಿಲುಗಳಿವೆ ಎಂದುಕೊಳ್ಳಿ. ಒಂದರಿಂದ ಪೆಟ್ರೋಲು-ಗಾಳಿ ಒಳಗೆ ಬರುತ್ತದೆ, ಇನ್ನೊಂದರಿಂದ ಹೊಗೆ ಹೊರಗೆ ಹೋಗುತ್ತದೆ. ಇವೇ ವಾಲ್ವುಗಳು. ಇವನ್ನು ಸರಿಯಾದ ಹೊತ್ತಿಗೆ ತೆರೆಯುವ ದಂಡವೇ ಕ್ಯಾಮ್ ಶಾಫ್ಟ್. ಕೆಳಗಿನ ಕ್ರ್ಯಾಂಕ್ ಶಾಫ್ಟಿನಿಂದ ಮೇಲಿನ ಕ್ಯಾಮ್ ಶಾಫ್ಟನ್ನು ತಿರುಗಿಸುವುದು ಈ ಚೈನು.

ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದೇ ಸುತ್ತು ತಿರುಗಬೇಕು. ಅದಕ್ಕಾಗಿ ಮೇಲಿನ ಹಲ್ಲುಗಾಲಿಗೆ ಕೆಳಗಿನದರ ಎರಡರಷ್ಟು ಹಲ್ಲು ಇರುತ್ತವೆ. ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುತ್ತಿದ್ದರೆ ಕ್ಯಾಮ್ 2000 ಸುತ್ತು ತಿರುಗುತ್ತದೆ. ಅಂದರೆ ಒಂದೊಂದು ವಾಲ್ವು ಸೆಕೆಂಡಿಗೆ 33 ಸಲ ತೆರೆದು ಮುಚ್ಚುತ್ತದೆ. ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಚೈನಿನ ಜವಾಬ್ದಾರಿ.

2. ಎಲ್ಲಾ ಗಾಡಿಗೂ ಈ ಚೈನ್ ಇದೆಯೇ?

ಇಲ್ಲ. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳು ಟೂ ಸ್ಟ್ರೋಕ್. ಅವುಗಳಲ್ಲಿ ಇಂಥ ವಾಲ್ವೂ ಇಲ್ಲ, ಕ್ಯಾಮೂ ಇಲ್ಲ, ಕ್ಯಾಮ್ ಚೈನೂ ಇಲ್ಲ. ಯಮಹಾ ಆರ್‌ಎಕ್ಸ್ 100 ಹಾಗೂ ಹಳೆಯ ಟಿವಿಎಸ್ ಎಕ್ಸ್‌ಎಲ್ ಸೂಪರ್ ಸಹ ಹೀಗೆಯೇ. ಬುಲೆಟ್ಟಿನ ಹಳೆಯ ಎಂಜಿನ್ ಫೋರ್ ಸ್ಟ್ರೋಕ್ ಆದರೂ ಅದರಲ್ಲಿ ವಾಲ್ವು ತೆರೆಯುವುದು ಉದ್ದನೆಯ ಕಡ್ಡಿಗಳಿಂದ.

ನಮ್ಮ ಭಾಗದಲ್ಲಿ 100 ಸಿಸಿ ಫೋರ್ ಸ್ಟ್ರೋಕ್ ಗಾಡಿ ಮನೆಮಾತಾಗಿದ್ದು 1985ರ ಹೀರೋ ಹೋಂಡಾ ಸಿಡಿ 100 ಮತ್ತು 1994ರಲ್ಲಿ ಬಂದ ಸ್ಪ್ಲೆಂಡರ್‌ನಿಂದ. ಇವುಗಳ 97.2 ಸಿಸಿ ಎಂಜಿನ್ನಿನಲ್ಲಿ ಕ್ಯಾಮ್ ಹೆಡ್ಡಿನಲ್ಲಿದೆ, ಚೈನು ಎಡಗಡೆ ಇದೆ. 2015ರಲ್ಲಿ ಬಂದ ಟಿವಿಎಸ್ ಎಕ್ಸ್‌ಎಲ್ 100 ಕೂಡ ಫೋರ್ ಸ್ಟ್ರೋಕ್. ಟೂ ಸ್ಟ್ರೋಕ್ ಗಾಡಿ ಓಡಿಸಿ ರೂಢಿಯಾದ ನಮ್ಮ ಹಿರಿಯರು ಪೆಟ್ರೋಲಿಗೇ ಆಯಿಲ್ ಬೆರೆಸುತ್ತಿದ್ದರು. ಹೀಗಾಗಿ ಪ್ರತಿ ಸಲ ಪೆಟ್ರೋಲ್ ಹಾಕುವಾಗ ಎಣ್ಣೆಯ ನೆನಪು ತಾನಾಗಿಯೇ ಆಗುತ್ತಿತ್ತು. ಫೋರ್ ಸ್ಟ್ರೋಕ್ ಬಂದ ಮೇಲೆ ಎಣ್ಣೆ ಕೆಳಗೆ ಬೇರೆಯಾಗಿ ಕೂತಿತು. ಕಣ್ಣಿಗೆ ಕಾಣದ್ದು ಮರೆತೂ ಹೋಯಿತು.

3. ಚೈನ್ ಯಾಕೆ ಉದ್ದವಾಗುತ್ತದೆ?

ಚೈನು ರಬ್ಬರಿನಂತೆ ಹಿಗ್ಗುವುದಿಲ್ಲ. ಒಂದೊಂದು ಕೊಂಡಿಯಲ್ಲಿ ಪಿನ್ನು ಮತ್ತು ಅದರ ಸುತ್ತಲಿನ ಬುಶ್ ತಿಕ್ಕಾಡಿ ಸವೆಯುತ್ತವೆ. ಒಂದು ಕೊಂಡಿ 0.02 ಮಿ.ಮೀ. ಸವೆದರೆ ಕಣ್ಣಿಗೆ ಕಾಣದು. ಆದರೆ ಚೈನಿಗೆ 80 ಕೊಂಡಿ ಇವೆ ಎಂದುಕೊಂಡರೆ ಒಟ್ಟು 1.6 ಮಿ.ಮೀ. ಉದ್ದವಾಯಿತು. ಎಣ್ಣೆ ಕಡಿಮೆಯಾದರೆ, ಕಪ್ಪಾಗಿ ಮಣ್ಣು-ಮಸಿ ತುಂಬಿದ್ದರೆ ಸವೆತ ಬೇಗ ಆಗುತ್ತದೆ.

ಈ ಸಡಿಲವನ್ನು ಎಳೆದು ಹಿಡಿಯಲು ಟೆನ್ಷನರ್ ಇರುತ್ತದೆ. ಸ್ಪ್ಲೆಂಡರ್ ಮಾದರಿಯ ಎಂಜಿನ್ನಿನಲ್ಲಿ ಸ್ಪ್ರಿಂಗಿನ ಬಲದಿಂದ ಒಂದು ಕಡ್ಡಿ ಕೆಳಗಿನಿಂದ ಒತ್ತಿ ರೋಲರನ್ನು ಚೈನಿಗೆ ತಾಗಿಸುತ್ತದೆ. ಚೈನು ಮಿತಿ ಮೀರಿ ಸಡಿಲಾದರೆ, ಇಲ್ಲವೇ ಕಡ್ಡಿ-ರೋಲರಿನ ರಬ್ಬರು ಸವೆದರೆ ಚೈನು ಗೋಡೆಗೆ ಬಡಿದು ಸಪ್ಪಳ ಮಾಡುತ್ತದೆ. ಇನ್ನೂ ಬಿಟ್ಟರೆ ಹಲ್ಲು ಜಿಗಿಯುತ್ತದೆ. ಮೇಲಿನ ಗಾಲಿಗೆ 28 ಹಲ್ಲು ಇದ್ದರೆ ಒಂದು ಹಲ್ಲು ತಪ್ಪಿದಾಗ ಕ್ಯಾಮ್ ಸುಮಾರು 13 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 26 ಡಿಗ್ರಿ ತಪ್ಪಿತು. ಆಗ ಗಾಡಿ ಸ್ಟಾರ್ಟ್ ಆಗಲು ತ್ರಾಸು, ಏರು ಹತ್ತಲು ತ್ರಾಸು, ಪೆಟ್ರೋಲ್ ಹೆಚ್ಚು. ಇನ್ನೂ ಹೆಚ್ಚು ಹಲ್ಲು ತಪ್ಪಿದರೆ, ಅಥವಾ ಓಡುವಾಗಲೇ ಚೈನು ಹರಿದರೆ, ಪಿಸ್ಟನ್ ವಾಲ್ವಿಗೆ ಬಡಿದು ವಾಲ್ವು ಬಾಗಬಹುದು. ಕೆಲವು ನೂರು ರೂಪಾಯಿಯ ಚೈನು ಆಗ ಸಾವಿರಗಟ್ಟಲೆ ಖರ್ಚು ತರುತ್ತದೆ.

4. ಸಪ್ಪಳ ಗುರುತಿಸುವುದು

ಮೊದಲು ಎಣ್ಣೆ ನೋಡಿ. ಕಡಿಮೆ ಇದ್ದರೆ ಬದಲಿಸಿ, ಅಳತೆಗೆ ತುಂಬಿ, ಮತ್ತೆ ಕೇಳಿ. ಎಷ್ಟೋ ಸಲ ಅಷ್ಟಕ್ಕೇ ಸಪ್ಪಳ ಕಡಿಮೆಯಾಗುತ್ತದೆ.

- ಹೆಡ್ಡಿನ ಮೇಲ್ಭಾಗದಿಂದ ಒಂದೇ ಲಯದಲ್ಲಿ ಟಿಕ್ ಟಿಕ್ ಬಂದರೆ ಹೆಚ್ಚಾಗಿ ಟ್ಯಾಪೆಟ್.
- ಎಂಜಿನ್ನಿನ ಎಡಗಡೆ ಗರಗರ, ಕಟಕಟ ಬಂದು, ಗಾಡಿ ನಿಂತಲ್ಲೇ ಚಾಲೂ ಇದ್ದಾಗ ಹಾಗೂ ಎಕ್ಸಲೇಟರ್ ಬಿಟ್ಟಾಗ ಹೆಚ್ಚಾದರೆ ಕ್ಯಾಮ್ ಚೈನ್.
- ಗಾಡಿ ಓಡುವಾಗ ಮಾತ್ರ ಹಿಂದಿನಿಂದ ಬಂದರೆ ಗಾಲಿಯ ಚೈನ್.

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಬೇರೆ ಬೇರೆ ಜಾಗಕ್ಕೆ ಇಟ್ಟು ಹಿಡಿಕೆಗೆ ಕಿವಿ ಹಚ್ಚಿದರೆ ಸಪ್ಪಳ ಎಲ್ಲಿಂದ ಎಂಬುದು ತಿಳಿಯುತ್ತದೆ. ತಿರುಗುವ ಭಾಗಕ್ಕೆ, ಬಿಸಿ ಸೈಲೆನ್ಸರಿಗೆ ತಾಗಿಸಬೇಡಿ.

ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ, ಕಿಕ್ ಒತ್ತಿದಾಗ ಬಿಗಿಯೇ ಸಿಗದಿದ್ದರೆ, ಎಣ್ಣೆಯಲ್ಲಿ ಲೋಹದ ಚೂರು ಕಂಡರೆ ತೊಂದರೆ ಚೈನಿನದಷ್ಟೇ ಅಲ್ಲ. ಆಗ ಮೆಕ್ಯಾನಿಕರ ಹತ್ತಿರವೇ ಹೋಗಬೇಕು.

5. ಬೇಕಾಗುವ ಸಾಮಾನು

ನಿಮ್ಮ ಗಾಡಿಯ ಮಾಡೆಲ್ ಮತ್ತು ವರ್ಷ ಹೇಳಿ ತಂದ ಹೊಸ ಕ್ಯಾಮ್ ಚೈನ್, ಟೆನ್ಷನರ್ ಕಡ್ಡಿ, ರೋಲರ್‌ಗಳು, ಕವರಿನ ಪ್ಯಾಕಿಂಗ್ ಮತ್ತು ಓ-ರಿಂಗ್‌ಗಳು, ಎಂಜಿನ್ ಆಯಿಲ್, ಪಾನಾ ಮತ್ತು ಸಾಕೆಟ್ ಸೆಟ್, ಪ್ಲಗ್ ಪಾನಾ, ಟ್ಯಾಪೆಟ್ ಸಂದು ಅಳೆಯುವ ಫೀಲರ್ ಗೇಜ್, ತೆಳು ತಂತಿ, ಶುದ್ಧ ಹತ್ತಿ ಅರಿವೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಮ್ಯಾಗ್ನೆಟ್ ಪುಲ್ಲರ್. ಎಡಗಡೆಯ ಭಾರದ ಮ್ಯಾಗ್ನೆಟ್ ಗಾಲಿ ಇದಿಲ್ಲದೆ ಬರುವುದಿಲ್ಲ. ಸುತ್ತಿಗೆಯಿಂದ ಬಡಿದು ತೆಗೆಯುವವರಿದ್ದಾರೆ. ಹಾಗೆ ಮಾಡಿದರೆ ಮ್ಯಾಗ್ನೆಟ್ ಸೀಳುತ್ತದೆ, ಕ್ರ್ಯಾಂಕ್ ಕೆಡುತ್ತದೆ. ಪುಲ್ಲರ್ ಇಲ್ಲದಿದ್ದರೆ ಕೆಲಸ ಶುರು ಮಾಡಲೇಬೇಡಿ. ಊರಿನ ನಾಲ್ಕೈದು ಯುವಕರು ಸೇರಿ ಒಂದು ಕೊಂಡರೂ ಸಾಕು.

6. ಬಿಚ್ಚುವ ಕ್ರಮ

(ಇಲ್ಲಿ ಹೇಳಿದ್ದು ಸ್ಪ್ಲೆಂಡರ್ ಮಾದರಿಯ ಅಡ್ಡ ಎಂಜಿನ್ನಿಗೆ. ಬೇರೆ ಗಾಡಿಗೆ ಅದರದೇ ಪುಸ್ತಕ ನೋಡಿರಿ.)

ಅ) ಎಂಜಿನ್ ಪೂರ್ತಿ ತಣ್ಣಗಾಗಲಿ. ಗಾಡಿಯನ್ನು ಸಮ ನೆಲದಲ್ಲಿ ಜೋಡಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಚಾವಿ ತೆಗೆದು, ಬ್ಯಾಟರಿ ತಂತಿ ಬಿಚ್ಚಿ. ಎಂಜಿನ್ನನ್ನು ಹೊರಗಿನಿಂದ ಚೊಕ್ಕ ತೊಳೆದು ಒಣಗಿಸಿ. ಎಣ್ಣೆಯನ್ನು ಒಂದು ಡಬ್ಬಿಗೆ ಇಳಿಸಿ.

ಆ) ಸ್ಪಾರ್ಕ್ ಪ್ಲಗ್, ಎರಡು ಟ್ಯಾಪೆಟ್ ಮುಚ್ಚಳ, ಹೆಡ್ಡಿನ ಎಡಬದಿಯ ಮುಚ್ಚಳ ತೆಗೆಯಿರಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಒಂದು ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಯಾವುದು ಎಲ್ಲಿಯದೋ ಅಲ್ಲೇ ಚುಚ್ಚಿಡಿ.

ಇ) ಮ್ಯಾಗ್ನೆಟ್ ಗಾಲಿಯನ್ನು ಎಡಗಡೆಯಿಂದ ನೋಡಿದಾಗ ಗಡಿಯಾರದ ವಿರುದ್ಧ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಅದರ ಮೇಲಿನ 'ಟಿ' ಗುರುತು ಎದುರಿನ ಗೀರಿಗೆ ಸರಿಯಾಗಿ ಕೂಡಬೇಕು. ಅದೇ ಹೊತ್ತಿಗೆ ಮೇಲಿನ ಹಲ್ಲುಗಾಲಿಯ 'ಓ' ಗುರುತು ಹೆಡ್ಡಿನ ಗೀರಿಗೆ ಕೂಡಬೇಕು. ಎರಡೂ ಟ್ಯಾಪೆಟ್ ಬೆರಳಿಗೆ ಸ್ವಲ್ಪ ಅಲುಗಾಡಬೇಕು. 'ಟಿ' ಕೂಡಿ 'ಓ' ಎದುರು ಬದಿಗೆ ಇದ್ದರೆ ಇನ್ನೊಂದು ಸುತ್ತು ತಿರುಗಿಸಿ. ಈ ಗುರುತುಗಳೇ ಇಡೀ ಕೆಲಸದ ಜೀವಾಳ. ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಗೀರು ಕವರಿನ ಮೇಲೆಯೇ ಇದ್ದರೆ, ಕವರ್ ತೆಗೆದ ಮೇಲೆ ಗಾಲಿ ಕದಲಿಸದೆ ಎಂಜಿನ್ ಮೈಮೇಲೆ ಬಣ್ಣದಿಂದ ಒಂದು ಚುಕ್ಕೆ ಇಡಿ.

ಈ) ಗೇರ್ ಪೆಡಲ್ ಮತ್ತು ಎಡ ಕವರ್ ತೆಗೆದು, ಮ್ಯಾಗ್ನೆಟ್ಟಿನ ನಟ್ಟು ಬಿಚ್ಚಿ ಪುಲ್ಲರಿನಿಂದ ಎಳೆಯಿರಿ. ಶಾಫ್ಟಿನಲ್ಲಿ ಅರ್ಧಚಂದ್ರದ ಆಕಾರದ ಸಣ್ಣ ಲೋಹದ ಚೂರು ಇರುತ್ತದೆ. ಅದನ್ನು ಡಬ್ಬಿಯಲ್ಲಿ ಜೋಪಾನ ಮಾಡಿ. ನಂತರ ಒಳಗಿನ ಕಾಯಿಲ್ ಪ್ಲೇಟನ್ನು ವೈರಿಗೆ ಜಗ್ಗದಂತೆ ಬಿಡಿಸಿ. ಈಗ ಕೆಳಗಿನ ಸಣ್ಣ ಹಲ್ಲುಗಾಲಿ ಕಾಣುತ್ತದೆ.

ಉ) ಎಂಜಿನ್ನಿನ ತಳದ ಟೆನ್ಷನರ್ ಬೋಲ್ಟ್ ಬಿಚ್ಚಿ ಸ್ಪ್ರಿಂಗ್, ಕಡ್ಡಿ ತೆಗೆಯಿರಿ. ಯಾವುದು ಯಾವ ಕ್ರಮದಲ್ಲಿ ಬಂತೋ ಅದೇ ಕ್ರಮದಲ್ಲಿ ಸಾಲಾಗಿ ಇಡಿ.

ಊ) ಮೇಲಿನ ಹಲ್ಲುಗಾಲಿಯ ಬೋಲ್ಟ್ ಬಿಚ್ಚುವ ಮೊದಲು ಅದರ ಕೆಳಗಿನ ಸಂದಿಗೆ ಅರಿವೆ ತುರುಕಿ. ಬೋಲ್ಟು ಕೈಜಾರಿ ಎಂಜಿನ್ನಿನೊಳಗೆ ಬಿದ್ದರೆ ಒಂದು ತಾಸಿನ ಕೆಲಸ ಎರಡು ದಿನದ್ದಾಗುತ್ತದೆ. ಗಾಲಿ ಬಿಡಿಸಿದ ಮೇಲೆ ಕ್ಯಾಮ್ ಶಾಫ್ಟನ್ನು ತಿರುಗಿಸಬೇಡಿ. ಅರಿವೆ ಹೊರಗೆ ತೆಗೆದು, ಚೈನಿಗೆ ತಂತಿ ಕಟ್ಟಿ, ಸಿಲಿಂಡರ್ ಬದಿಯ ರೋಲರ್ ಬೋಲ್ಟ್ ತೆಗೆದು ಚೈನನ್ನು ಕೆಳಗಿನಿಂದ ಹೊರಗೆ ಎಳೆಯಿರಿ. ತಂತಿಯ ಇನ್ನೊಂದು ತುದಿ ಮೇಲೆಯೇ ಇರಲಿ.

7. ಹೊಸದು ಹಾಕುವ ಕ್ರಮ

ಹಳೆಯ ಚೈನು, ಹೊಸ ಚೈನು ಎರಡನ್ನೂ ಒಂದೇ ಮೊಳೆಗೆ ತೂಗು ಹಾಕಿ. ಕೊಂಡಿಗಳ ಸಂಖ್ಯೆ ಒಂದೇ ಇರಬೇಕು, ಹಳೆಯದು ತುಸು ಕೆಳಗೆ ಇಳಿದಿರುತ್ತದೆ. ಹಲ್ಲುಗಾಲಿಯ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಅದನ್ನೂ ಬದಲಿಸಬೇಕು.

ಹೊಸ ಚೈನನ್ನು ಎಂಜಿನ್ ಆಯಿಲ್‌ನಲ್ಲಿ ಅದ್ದಿ, ಅದೇ ತಂತಿಯಿಂದ ಮೇಲಕ್ಕೆ ಎಳೆದು, ಕೆಳಗಿನ ಹಲ್ಲುಗಾಲಿಗೆ ಕೂಡಿಸಿ. ರೋಲರ್, ಕಾಯಿಲ್ ಪ್ಲೇಟ್, ಅರ್ಧಚಂದ್ರದ ಚೂರು, ಮ್ಯಾಗ್ನೆಟ್ ಇವನ್ನು ಕ್ರಮವಾಗಿ ಹಾಕಿ. 'ಟಿ' ಗುರುತು ಮತ್ತೆ ಕೂಡಿಸಿ. ಈಗ ಮೇಲಿನ ಹಲ್ಲುಗಾಲಿಯ 'ಓ' ಗುರುತನ್ನು ಹೆಡ್ಡಿನ ಗೀರಿಗೆ ಹಿಡಿದು ಚೈನಿನೊಳಗೆ ಕೂಡಿಸಿ, ಕ್ಯಾಮ್ ಶಾಫ್ಟಿಗೆ ಹಚ್ಚಿ. ಸಣ್ಣ ಬೋಲ್ಟುಗಳು, ಹೆಚ್ಚು ಜೋರು ಮಾಡಿದರೆ ಮುರಿಯುತ್ತವೆ. ಕೊನೆಗೆ ಟೆನ್ಷನರ್ ಹಾಕಿ.

ಇನ್ನು ಕಿಕ್ ಹೊಡೆಯುವುದೊಂದೇ ಬಾಕಿ ಎನಿಸುತ್ತದೆ. ಇಲ್ಲೇ ನಿಲ್ಲಿ.

8. ಎರಡು ಸುತ್ತು ಕೈಯಿಂದ

ನಮ್ಮ ಹಾಲಿನ ಹುಡುಗ ಇಷ್ಟು ಮಾಡುವಷ್ಟರಲ್ಲಿ ಸಂಜೆಯಾಗಿತ್ತು. ನಾಳೆ ಬೆಳಿಗ್ಗೆ ಹಾಲು ಒಯ್ಯಬೇಕು. ಕವರ್ ಮುಚ್ಚಿ ಕಿಕ್ ಹೊಡೆಯಲು ಅವಸರ ಮಾಡಿದ. ಕಾಕಾ ಕೈ ಹಿಡಿದರು. "ಹಂಗ ಮಾಡಬ್ಯಾಡ. ಮೊದಲ ಎರಡು ಸುತ್ತು ಕೈಲೆ ತಿರುಗಿಸು."

ಹುಡುಗ ಮ್ಯಾಗ್ನೆಟ್ಟನ್ನು ಪಾನಾದಿಂದ ಎರಡು ಪೂರ್ತಿ ಸುತ್ತು ನಿಧಾನ ತಿರುಗಿಸಿ 'ಟಿ' ಗುರುತಿಗೆ ತಂದ. ಮೇಲೆ ನೋಡಿದರೆ 'ಓ' ಗುರುತು ಒಂದು ಹಲ್ಲಿನಷ್ಟು ಪಕ್ಕಕ್ಕೆ ಸರಿದಿತ್ತು. ಹಚ್ಚುವಾಗ ಚೈನಿನ ಒಂದು ಬದಿ ಸಡಿಲ ಉಳಿದಿತ್ತು. ಟೆನ್ಷನರ್ ಎಳೆದ ಕೂಡಲೇ ಗುರುತು ತಪ್ಪಿತ್ತು. ಹುಡುಗನ ಮುಖ ಸಣ್ಣದಾಯಿತು.

"ತಪ್ಪಿದ್ದು ಈಗ ಗೊತ್ತಾತಲ್ಲ, ಅದಕ್ಕ ಸಂತೋಷ ಪಡು. ರಸ್ತೆಯೊಳಗ ಗೊತ್ತಾಗಿದ್ದರ?" ಎಂದರು ಕಾಕಾ.

ಮತ್ತೆ ಟೆನ್ಷನರ್ ಬಿಚ್ಚಿ, ಗಾಲಿ ತೆಗೆದು, ಒಂದು ಹಲ್ಲು ಸರಿಸಿ ಹಚ್ಚಿದರು. ಮತ್ತೆ ಎರಡು ಸುತ್ತು. ಈ ಸಲ 'ಟಿ' ಮತ್ತು 'ಓ' ಎರಡೂ ಕೂಡಿದವು. ಇನ್ನೂ ಎರಡು ಸುತ್ತು ತಿರುಗಿಸಿ ಖಾತ್ರಿ ಮಾಡಿಕೊಂಡರು.

ಎರಡು ಸುತ್ತು ಯಾಕೆ? ಕ್ಯಾಮ್ ಒಂದು ಸುತ್ತು ಮುಗಿಸಬೇಕಾದರೆ ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು. ಆಗ ಮಾತ್ರ ಎರಡೂ ವಾಲ್ವು ತೆರೆದು ಮುಚ್ಚಿ ಪರೀಕ್ಷೆ ಪೂರ್ಣವಾಗುತ್ತದೆ. ತಿರುಗಿಸುವಾಗ ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ವಾಲ್ವಿಗೆ ಪಿಸ್ಟನ್ ತಾಗಿರಬಹುದು. ಹಿಂದಕ್ಕೆ ಬಂದು ಗುರುತು ನೋಡಿ. ಕೈಗೆ ತಡೆ ಗೊತ್ತಾಗುತ್ತದೆ, ಕಿಕ್ಕಿಗೆ ಗೊತ್ತಾಗುವುದಿಲ್ಲ.

9. ಮುಗಿಸುವಾಗ

ಗಾಡಿಯ ಪುಸ್ತಕದಲ್ಲಿ ಬರೆದ ಅಳತೆಗೆ ಫೀಲರ್ ಗೇಜಿನಿಂದ ಟ್ಯಾಪೆಟ್ ಹೊಂದಿಸಿ. ಹೊಸ ಪ್ಯಾಕಿಂಗ್ ಹಾಕಿ ಕವರ್ ಮುಚ್ಚಿ. ಕಡ್ಡಿಯ ಗುರುತಿನವರೆಗೆ ಹೊಸ ಎಣ್ಣೆ ತುಂಬಿ. ಪ್ಲಗ್ ಹಾಕುವ ಮೊದಲು, ಚಾವಿ ಬಂದ್ ಇಟ್ಟು ಹತ್ತಿಪ್ಪತ್ತು ಸಲ ಮೆಲ್ಲಗೆ ಕಿಕ್ ಒತ್ತಿ. ಎಣ್ಣೆ ಮೇಲಕ್ಕೆ ಹತ್ತಲಿ. ನಂತರ ಪ್ಲಗ್ ಹಾಕಿ, ಬ್ಯಾಟರಿ ತಂತಿ ಜೋಡಿಸಿ, ಸ್ಟಾರ್ಟ್ ಮಾಡಿ. ಸಪ್ಪಳ, ಎಣ್ಣೆ ಸೋರಿಕೆ ಎರಡನ್ನೂ ಐದು ನಿಮಿಷ ಗಮನಿಸಿ. ಗಾಡಿ ಬಂದ್ ಮಾಡಿ ಎಣ್ಣೆ ಮಟ್ಟ ಮತ್ತೊಮ್ಮೆ ನೋಡಿ.

ಹಳೆಯ ಎಣ್ಣೆಯನ್ನು ಗಟಾರಕ್ಕೆ, ಹೊಲಕ್ಕೆ, ಕೆರೆಯ ದಂಡೆಗೆ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಕೊಳ್ಳುವವರಿಗೆ ತಲುಪಿಸುವ ಗ್ಯಾರೇಜಿಗೆ ಕೊಡಿ. ಕೈಗೆ ಹತ್ತಿದ ಎಣ್ಣೆಯನ್ನು ಪೆಟ್ರೋಲಿನಿಂದ ತೊಳೆಯದೆ ಸಾಬೂನಿನಿಂದ ತೊಳೆಯಿರಿ.

10. ಈ ಪಾಠದಿಂದ ನಾವು ಕಲಿಯುವುದು

ಮರುದಿನ ಆ ಹುಡುಗ ಐದು ಗಂಟೆಗೆ ಹಾಲು ಕಟ್ಟಿಕೊಂಡು ಹೊರಟ. ಗಾಡಿ ಸಪ್ಪಳ ಮಾಡಲಿಲ್ಲ. ತಂಗಿಯ ಫೀಸಿನ ದುಡ್ಡು ಮುಟ್ಟಲಿಲ್ಲ. ಅವ್ವ ಮುಂದಿನ ಸಭೆಯಲ್ಲಿ ದೊಡ್ಡ ಸಾಲದ ಅರ್ಜಿ ಹಿಂದಕ್ಕೆ ಪಡೆದು, ಸಾಮಾನಿನ ಖರ್ಚಿಗಷ್ಟೇ ಸಣ್ಣ ಸಾಲ ಕೇಳಿದಳು. ಗ್ಯಾರೇಜಿನವರು ಮೋಸ ಮಾಡಿದರು ಎಂದು ಹೇಳಲು ನಾವು ಈ ಕಥೆ ಬರೆಯುತ್ತಿಲ್ಲ. ಕೆಲವು ಎಂಜಿನ್ನಿಗೆ ನಿಜವಾಗಿಯೂ ಬೋರ್ ಬೇಕಾಗುತ್ತದೆ. ಆದರೆ ರೋಗ ಯಾವುದು ಎಂದು ತಿಳಿಯದೆ ಸಾಲ ಎತ್ತುವುದು, ಎಣ್ಣೆಯ ಕಡ್ಡಿ ನೋಡದೆ ಎಂಜಿನ್ ಬಿಚ್ಚಿಸುವುದು, ಇವೆರಡೂ ಬಡವನ ಕಿಸೆಗೆ ಭಾರ.

ಗುರುತು ನೋಡಿ ಕೆಲಸ ಮಾಡುವ ತಾಳ್ಮೆ ಇದ್ದವರು ಈ ಕೆಲಸ ಕಲಿಯಬಹುದು. ಆದರೆ ಮೊದಲ ಸಲ ಅನುಭವಿಗಳೊಬ್ಬರು ಎದುರಿಗೆ ಇರಲೇಬೇಕು. ಇದನ್ನೇ ಉದ್ಯೋಗ ಮಾಡಿಕೊಳ್ಳುವ ಆಸೆಯಿದ್ದವರು ರುಡ್‌ಸೆಟಿ ಸಂಸ್ಥೆಯನ್ನು ವಿಚಾರಿಸಬಹುದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಈ ಸಂಸ್ಥೆಯ ತರಬೇತಿ ಕೇಂದ್ರ ಧಾರವಾಡದಲ್ಲೂ ಇದೆ. ನಿರುದ್ಯೋಗಿ ಯುವಕ-ಯುವತಿಯರಿಗೆ ಉಚಿತವಾಗಿ ಸ್ವ-ಉದ್ಯೋಗ ತರಬೇತಿ ಕೊಡುವುದು ಅದರ ಕೆಲಸ.

ಈಗ ಆ ಹುಡುಗನ ಮನೆಯ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕ, ಸೀಸಪೆನ್ಸಿಲ್ಲಿನಿಂದ ಎಣ್ಣೆ ಬದಲಿಸಿದ ತಾರೀಖು ಮತ್ತು ಕಿಲೋಮೀಟರ್ ಬರೆದಿದೆ. ನಿಮ್ಮ ಮನೆಯ ಗೋಡೆಯ ಮೇಲೂ ಇಂದೇ ಬರೆಯಿರಿ.

ಗುಂಪಿನಲ್ಲಿ ಚರ್ಚಿಸಿರಿ

1. ನಿಮ್ಮ ಗಾಡಿಯ ಎಂಜಿನ್ ಎಣ್ಣೆ ಕೊನೆಯ ಸಲ ಬದಲಿಸಿದ್ದು ಯಾವಾಗ? ಅಂದಿನಿಂದ ಎಷ್ಟು ಕಿ.ಮೀ. ಓಡಿದೆ?
2. ಟ್ಯಾಪೆಟ್ ಸಪ್ಪಳಕ್ಕೂ ಕ್ಯಾಮ್ ಚೈನ್ ಸಪ್ಪಳಕ್ಕೂ ಏನು ವ್ಯತ್ಯಾಸ?
3. ಎಂಜಿನ್ನನ್ನು ಕೈಯಿಂದ ಒಂದೇ ಸುತ್ತು ತಿರುಗಿಸಿದರೆ ಯಾಕೆ ಸಾಲದು?
4. ನಿಮ್ಮ ಸಂಘದಲ್ಲಿ ರಿಪೇರಿ ಸಾಲ ಕೊಡುವ ಮೊದಲು ಯಾವ ಪ್ರಶ್ನೆಗಳನ್ನು ಕೇಳಬೇಕು?
5. ಊರಿನ ಯುವಕರು ಸೇರಿ ಯಾವ ಯಾವ ಸಾಮಾನನ್ನು ಕೂಡಿ ಕೊಳ್ಳಬಹುದು? ಅದನ್ನು ಯಾರು ಇಟ್ಟುಕೊಳ್ಳಬೇಕು?